ತೊಕುಜಿಯ ರೇಡಿಯೊ ಮತ್ತು ಪಕ್ಕದ ಮನೆಯ ಕಾವು

ಮದುವೆಯಾಗಿ ಅಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೆ, ನಮ್ಮವರಿಂದ ಬೆಚ್ಚಿಬೀಳುವಂಥದ್ದು ಇನ್ನೇನೂ ಉಳಿದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಆ ವರ್ಷ ಒಂದಾದ ಮೇಲೊಂದು ಬೆಚ್ಚಿದ್ದೇ ಬೆಚ್ಚಿದ್ದು. ಮೊದಲನೆಯದು ಊಟಕ್ಕೆ ಕೂತಾಗ ಬಂತು. ಇವರು ರೇಷ್ಮೆ ಗಿರಣಿಯಿಂದ ನಿವೃತ್ತರಾಗಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡರು.

“ನಾನೊಂದು ರೇಡಿಯೊ ತಗೋಬೇಕು ಅಂತಿದೀನಿ.”

“ಮನೇಲಿ ಇದೆಯಲ್ರೀ.”

“ಅದಲ್ಲ. ಹವ್ಯಾಸಿಗಳು ಅಂತ ಇರ್ತಾರಲ್ಲ, ದೇಶದೇಶದೋರು ತಮ್ಮತಮ್ಮ ಮನೇಲಿ ಕೂತು ಒಬ್ಬರಿಗೊಬ್ಬರು ಮಾತಾಡ್ಕೊಳ್ತಾರೆ. ಅದನ್ನ ಕೇಳೋ ರೇಡಿಯೊ.”

“ಕಂಡೋರ ಮಾತು ಕದ್ದು ಕೇಳೋದಾ?”

“ಕದ್ದು ಅಲ್ಲ. ಯಾರಾದ್ರೂ ಕೇಳ್ಲಿ ಅಂತಾನೇ ಅವರು ಮಾತಾಡೋದು.”

“ನಾನೂ ನೀವು ಕೇಳ್ಲಿ ಅಂತಾನೇ ಮಾತಾಡ್ತೀನಿ. ಇಷ್ಟು ವರ್ಷ ಅದಕ್ಕೆ ಯಾವ ರೇಡಿಯೊ ಬೇಕಿತ್ತು?”

ಇವರು ತಲೆ ತಗ್ಗಿಸಿ ಅನ್ನ ತಿಂದರು. ಈ ರೇಡಿಯೊ ಮುಂದೆ ಪಕ್ಕದ ಮನೆಯ ಹೆಂಗಸಿನ ಜೀವಕ್ಕೆ ಕುತ್ತು ತಂದೀತು ಎಂದು ಯಾರಾದರೂ ಆಗ ಹೇಳಿದ್ದರೆ, ನಾನು ಬಾಯಲ್ಲಿದ್ದ ಸಾರು ಉಗುಳಿ ನಗುತ್ತಿದ್ದೆ.

ಇವರ ಹೆಸರು ತೊಕುಜಿ. ನಮ್ಮ ಹಿಮದೂರು ಯೊನೆಜಾವಾದ ಗಿರಣಿಯೊಳಗೆ ಎಣ್ಣೆ ಡಬ್ಬಿ ಹಿಡಿದು ಹೋದಾಗ ಇನ್ನೂ ಮೀಸೆ ಚಿಗುರಿರಲಿಲ್ಲ. ಆಮೇಲೆ ಮಗ್ಗ ರಿಪೇರಿಯವರಾದರು, ಹೊರಗೆ ಬಂದದ್ದು ತಲೆ ನೆರೆತ ಮೇಲೆ. ಗಿರಣಿಯ ಒಳಗೆ ಒಮ್ಮೆ ಹೋಗಿ ನೋಡಿದವರಿಗೆ ಗೊತ್ತು, ಅಲ್ಲಿ ಕಿವಿ ಇದ್ದೂ ಪ್ರಯೋಜನವಿಲ್ಲ. ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳುವುದಿಲ್ಲ. ಅದಕ್ಕೆ ಗಿರಣಿಯವರು ದನಿ ಹೊರಡಿಸದೆ ಬರೀ ತುಟಿಯಲ್ಲಿ ಮಾತಾಡುತ್ತಾರೆ. ಇವರೂ ಹಾಗೆಯೇ ಮಾತಾಡಿ, ಹಾಗೆಯೇ ಬೈಸಿಕೊಂಡು, ಆಯುಸ್ಸನ್ನೆಲ್ಲ ಆ ಸದ್ದಿನಲ್ಲಿ ಕಳೆದರು. ಕಿವಿ ಅರ್ಧ ಮಂದವಾಯಿತು. ಅಂಥವರಿಗೆ ಮುದಿವಯಸ್ಸಿನಲ್ಲಿ ಹುಟ್ಟಿದ ಆಸೆ ನೋಡಿ: ಸದ್ದೇ ಇಲ್ಲದ ಕಡೆ ಕೂತು, ಎಲ್ಲೋ ದೂರದ ಒಂದು ಸಣ್ಣ ದನಿಯನ್ನು ಕೇಳಬೇಕು. ಮೊದಲು ಅದು ನನಗೆ ಹುಚ್ಚು ಅನ್ನಿಸಿತು. ಆಮೇಲೆ ಯೋಚಿಸಿದರೆ ಸಹಜವೇ ಅನ್ನಿಸಿತು.

ಸೆಟ್ಟು ಆರಿಸುವ ಕೆಲಸ ಬೇಸಿಗೆಯಲ್ಲಿ ಶುರುವಾಗಿ, ಚಳಿ ಹತ್ತಿರವಾಗಿ ಕಾಕಿ ಹಣ್ಣು ಕೆಂಪಾಗುವವರೆಗೂ ನಡೆಯಿತು. ರೈಲು ನಿಲ್ದಾಣದ ಎದುರು ಕುರೊಸಾಕಾ ಎಂಬವರ ವಿದ್ಯುತ್ ಸಾಮಾನಿನ ಅಂಗಡಿ. ಆತ ಸ್ವತಃ ಹವ್ಯಾಸಿ, ಪರವಾನಗಿ ಪಡೆದು ಮಾತಾಡುವವರು. ಇವರು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ, ಸೆಟ್ಟುಗಳ ಮುಂದೆ ಕೂತು, ಚಹಾ ಕುಡಿದು, ಬರಿಗೈಲಿ ವಾಪಸು ಬರುತ್ತಿದ್ದರು. ನನಗೆ ನಾಚಿಕೆಯಾಗಿ ಒಂದು ದಿನ ನಾನೂ ಹೋದೆ.

“ಕುರೊಸಾಕಾ-ಸಾನ್, ಇವರಿಗೆ ಏನಾದ್ರೂ ಒಂದು ಕಟ್ಟಿಕೊಟ್ಟು ಕಳಿಸಿಬಿಡಿ. ಸೊಸೆ ನೋಡೋಕೂ ಯಾರೂ ಇಷ್ಟು ಸಲ ಹೋಗಲ್ಲ.”

“ಆತುರ ಬೇಡ ಅಕ್ಕ,” ಎಂದು ಆತ ನಕ್ಕರು. “ಮೊದಲ ಸೆಟ್ಟಲ್ಲಿ ಎಡವಿದ್ರೆ ಜನ ಆಸೇನೇ ಬಿಟ್ಟುಬಿಡ್ತಾರೆ. ಮೊದಲು ಒಂದೆರಡು ವರ್ಷ ಬರೀ ಕೇಳ್ಲಿ. ಕೇಳೋಕೆ ಬಂದ್ರೆ ಮಾತು ತಾನಾಗೇ ಬರತ್ತೆ.”

ಅಂಗಡಿಯಲ್ಲಿ ಹೊಳೆಯುವ ಹೊಸ ಸೆಟ್ಟುಗಳಿದ್ದವು. ಕೈಲಿ ಹಿಡಿದು ಹೋಗುವಂಥವು, ಶಾಲೆಯ ಹುಡುಗರು ಗಾಜಿಗೆ ಮೂಗು ಒತ್ತಿ ನೋಡುವಂಥವು. ಇವುಗಳಲ್ಲಿ ಎಲ್ಲ ದೇಶದ ನಿಲಯಗಳೂ ಬರುತ್ತವೆ, ಆದರೆ ಹವ್ಯಾಸಿಗಳ ಸಣ್ಣ ದನಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ ಎಂದು ಕುರೊಸಾಕಾ ಹೇಳಿದರು. ಮೂಲೆಯಲ್ಲಿ ಯಾರೋ ಬಳಸಿ ಬಿಟ್ಟಿದ್ದ ಹಳೆಯದೊಂದು ಇತ್ತು. ಬೂದು ಬಣ್ಣ, ಅಕ್ಕಿ ಮೂಟೆಯಷ್ಟು ಭಾರ, ಹವ್ಯಾಸಿಗಳು ಮಾತಾಡುವ ತರಂಗಗಳನ್ನು ಬಿಟ್ಟರೆ ಬೇರೇನೂ ಕೇಳದು. ಇವರು ಅದರ ದೊಡ್ಡ ಗುಂಡಿಯನ್ನು ಎರಡು ಬೆರಳಲ್ಲಿ ಆಚೆ ಈಚೆ ತಿರುಗಿಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ತಿರುಗಿಸಿದರು.

“ಇದರ ಚಕ್ರದಲ್ಲಿ ಒಂದು ಕೂದಲಷ್ಟೂ ಸಡಿಲ ಇಲ್ಲ,” ಎಂದರು. “ಇದೇ ಸಾಕು.”

ಗಂಡಸು ರೇಡಿಯೊವನ್ನು ಕಿವಿಯಿಂದ ಆರಿಸದೆ ಬೆರಳಿಂದ ಆರಿಸಿದ್ದು ಕಂಡು ನಾನು ದಂಗಾದೆ. ಹಾಡು ಬರುವುದಿಲ್ಲ, ವಾರ್ತೆ ಬರುವುದಿಲ್ಲ, ಇಬ್ಬರು ಹಿಡಿದರೂ ಎತ್ತಲಾಗುವುದಿಲ್ಲ. ಅದನ್ನೇ ಮನೆಗೆ ತಂದೆವು.

ಇನ್ನು ಏರಿಯಲ್ಲು. ಅದಕ್ಕೆ ಉದ್ದನೆಯ ತಂತಿ ಬೇಕು, ತಂತಿಯ ಆಚೆ ತುದಿಗೆ ಎತ್ತರದ ಆಸರೆ ಬೇಕು. ನಮ್ಮದು ಗಿರಣಿಯವರಿಗಾಗಿ ಕಟ್ಟಿಸಿದ ಸಾಲುಮನೆ. ಪಕ್ಕದಲ್ಲಿ ಉಮೆನೊ-ಸಾನ್ ಮನೆ, ಅದರ ಹಿಂದೆ ಒಂದು ಕಾಕಿ ಮರ. ಉಮೆನೊ-ಸಾನ್ ಅದೇ ಗಿರಣಿಯಲ್ಲಿ ನೇಯುತ್ತಿದ್ದವರು, ಆಕೆಯ ಮಗ್ಗಗಳನ್ನು ರಿಪೇರಿ ಮಾಡಿದ್ದು ಇವರೇ. ಈಗ ಒಬ್ಬರೇ, ಜೊತೆಗೆ ಗೊಮಾ ಎಂಬ ಬೂದು ಬೆಕ್ಕು. ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಇರುವ ಗೋಡೆ ಎಷ್ಟು ತೆಳು ಎಂದರೆ ಆಕೆ ಸೀನಿದರೆ ನಾವು ಮೂಗು ಮುಟ್ಟಿಕೊಳ್ಳಬೇಕು.

ಇಡೀ ಸಾಲಿನಲ್ಲಿ ಆಕೆಯಂಥ ನೆರೆಯವರಿಲ್ಲ. ಬೆಳಿಗ್ಗೆ ಯಾರೂ ಏಳುವ ಮೊದಲು ನಮ್ಮ ಬಾಗಿಲ ಮುಂದಿನ ಹಿಮವೂ ಗುಡಿಸಿರುತ್ತಿತ್ತು. ಕೇಳಿದರೆ, ಪೊರಕೆ ತಾನಾಗಿ ಈ ಕಡೆ ಬಂತು ಎನ್ನುವರು. ಯಾರಿಗೂ ಭಾರವಾಗಬಾರದು ಎನ್ನುವುದು ಆಕೆಗೆ ಉಸಿರಿನಷ್ಟೇ ರೂಢಿ. ಗಂಡ ಸತ್ತ ದಿನ ಕೂಡ ಅತ್ತದ್ದು ಗೋಡೆಯ ಈಚೆಗೆ ಕೇಳಿಸಲಿಲ್ಲ.

ಹೂರಣದ ಸಿಹಿಯ ಡಬ್ಬಿ ಹಿಡಿದು ಹೋಗಿ ಮರಕ್ಕೆ ತಂತಿ ಕಟ್ಟಬಹುದೇ ಎಂದು ಇವರು ಕೇಳಿದರು.

“ಕಟ್ಟಿ, ಕಟ್ಟಿ,” ಎಂದರು ಆಕೆ. “ಹಣ್ಣು ಬಿಟ್ಟು ಸುಮ್ನೆ ನಿಲ್ಲೋ ಮರಕ್ಕೆ ಒಂದು ಉದ್ಯೋಗ ಆದಂಗಾಯ್ತು.”

ಮಾರನೆಯ ದಿನವೇ ನಮ್ಮ ಸಿಹಿಗೆ ಪ್ರತಿಯಾಗಿ ಮೂಲಂಗಿಯ ಉಪ್ಪಿನಕಾಯಿ ಬಂತು. ಅದಕ್ಕೆ ಪ್ರತಿಯಾಗಿ ನಾನು ಸೇಬು ಕೊಟ್ಟೆ. ಅದಕ್ಕೂ ಏನೋ ಬಂತು. ನಮ್ಮ ಕಡೆ ಕೊಡುವುದು ಸುಲಭ, ನಿಲ್ಲಿಸುವುದು ಕಷ್ಟ.

ಇವರು ಸಂಜೆಯ ಊಟವಾದದ್ದೇ ಹೆಡ್‌ಫೋನು ಹಾಕಿಕೊಂಡು ಕೂರುವರು. ತೈವಾನಿನವರು, ರಷ್ಯದವರು, ದ್ವೀಪದವರು, ಯಾರ್ಯಾರೋ. ಹಾಗೆ ಕೇಳಿದವರಿಗೆ ಇವರು ಕಾರ್ಡು ಬರೆಯಬೇಕು: ನಿಮ್ಮನ್ನು ಇಂಥ ಹೊತ್ತಿಗೆ ಕೇಳಿದೆ, ದನಿ ಹೀಗಿತ್ತು, ಅಡ್ಡ ಸದ್ದು ಇಷ್ಟಿತ್ತು ಎಂದು. ಅದು ನಿಜವಾಗಿದ್ದರೆ ಅವರು ತಮ್ಮ ಕಾರ್ಡು ಕಳಿಸಿ, ಹೌದು ಅದು ನಾನೇ ಎಂದು ಒಪ್ಪುತ್ತಾರೆ. ಕೇಳುವವರ ಲೋಕದಲ್ಲಿ ಆ ಕಾರ್ಡೇ ಪದಕ. ಇವರು ಬರೆದದ್ದೂ ಬರೆದದ್ದೇ.

ಮೊದಲ ಹಿಮ ಬಿತ್ತು. ಸಾಲಿನ ಎಲ್ಲ ಮನೆಗಳಲ್ಲೂ ಕೊತಾತ್ಸು ಹೊರಬಂತು. ಗಿಡ್ಡ ಮೇಜಿನ ಅಡಿಯಲ್ಲಿ ವಿದ್ಯುತ್ತಿನ ಕಾವಿನ ದೀಪ, ಮೇಲೆ ನೆಲಮುಟ್ಟುವ ದಪ್ಪ ಹೊದಿಕೆ. ಕಾಲು ಒಳಗೆ ತೂರಿಸಿ ಕೂತರೆ ಮತ್ತೆ ಏಳುವ ಮಾತೇ ಇಲ್ಲ. ಊಟ, ಹೊಲಿಗೆ, ಜಗಳ ಎಲ್ಲ ಅಲ್ಲಿಯೇ. ಒಲೆಯ ಬೆಂಕಿ ಕೋಣೆಗೆ ಸಾಲದ ನಮ್ಮೂರ ಚಳಿಗೆ ಬಡವರ ಜೀವ ಉಳಿಯುವುದೇ ಅದರಡಿಯಲ್ಲಿ.

ಅದೇ ವಾರ ಇವರ ರೇಡಿಯೊದಲ್ಲಿ ಸದ್ದು ಶುರುವಾಯಿತು. ಜರ್ರ್ ಎಂದು ಹತ್ತಿಕೊಳ್ಳುವುದು, ಸ್ವಲ್ಪ ಹೊತ್ತು ಹರಟಿ ನಿಲ್ಲುವುದು, ಮತ್ತೆ ಜರ್ರ್. ದೂರದ ದನಿ ಇನ್ನೇನು ಸಿಕ್ಕಿತು ಎನ್ನುವಾಗಲೇ ಬರುವುದು. ಗಿರಣಿ ಬಿಟ್ಟು ಬಂದ ಮನುಷ್ಯನನ್ನು ಹುಡುಕಿಕೊಂಡು ಮಗ್ಗವೇ ಮನೆಗೆ ಬಂದಂತಾಯಿತು. ಇವರ ಮುಖ ನೋಡಲಾಗುತ್ತಿರಲಿಲ್ಲ. ಸೆಟ್ಟನ್ನು ಹಿಮದ ಜಾರುಬಂಡಿಯ ಮೇಲೆ ಕಟ್ಟಿ ಎಳೆದುಕೊಂಡು ಅಂಗಡಿಗೆ ಹೋದರು. ಅಲ್ಲಿ ಸದ್ದಿಲ್ಲ.

“ತಪ್ಪು ಸೆಟ್ಟಿನದಲ್ಲ,” ಎಂದರಂತೆ ಕುರೊಸಾಕಾ. “ನಿಮ್ಮ ಸಾಲಲ್ಲೇ ಎಲ್ಲೋ ಕಿಡಿ ಹಾರ್ತಿದೆ. ಸಣ್ಣ ರೇಡಿಯೊ ಹಿಡ್ಕೊಂಡು ಮನೆಮನೆ ಮುಂದೆ ನಡೀರಿ. ಎಲ್ಲಿ ಜೋರಾಗತ್ತೋ ಅಲ್ಲಿದೆ. ಇಲ್ಲಾಂದ್ರೆ ಅರ್ತಿಂಗ್ ಆದ್ರೂ ಚೆನ್ನಾಗಿ ಮಾಡಿ.”

ಸರಿ, ಇವರು ಅಡುಗೆಮನೆಯ ಪುಟ್ಟ ರೇಡಿಯೊ ತೆಗೆದುಕೊಂಡು ಸಂಜೆ ಹಿಮದಲ್ಲಿ ಹೊರಟರು. ಅದು ಗೊರಗೊರ ಅನ್ನುತ್ತಿದೆ, ಇವರು ಅದನ್ನು ಒಂದೊಂದು ಮನೆಯ ಕಡೆಗೂ ತಿರುಗಿಸಿ ಹಿಡಿಯುತ್ತಿದ್ದಾರೆ. ಕಿಟಕಿಗಳಲ್ಲಿ ಹೆಂಗಸರ ತಲೆ. ನಾನು ಬಾಗಿಲ ಹಿಂದೆ ಅಡಗಿಕೊಂಡೆ. ಸದ್ದು ವಿದ್ಯುತ್ ತಂತಿಯ ಗುಂಟ ಸಾಲಿಗೆ ಸಾಲೇ ಹರಿದಿದ್ದರಿಂದ ಎಲ್ಲ ಮನೆಯ ಮುಂದೆಯೂ ಕೇಳುತ್ತಿತ್ತಂತೆ. ವಿದ್ಯುತ್ ಕಂಬ ಇದ್ದದ್ದು ಉಮೆನೊ-ಸಾನ್ ಕಿಟಕಿಯ ಬಳಿ. ಇವರು ಕಂಬವನ್ನೇ ಅನುಮಾನಿಸಿ ಅಲ್ಲಿಯೇ ಬಹಳ ಹೊತ್ತು ನಿಂತರು. ಉಮೆನೊ-ಸಾನ್ ಕಿಟಕಿ ಸರಿಸಿದರು.

“ತೊಕುಜಿ-ಸಾನ್, ಏನಾದ್ರೂ ಕಳ್ಕೊಂಡ್ರಾ?”

“ಇಲ್ಲ ಇಲ್ಲ. ಸುಮ್ನೆ. ಹಿಮ ಜೋರಿದೆ ಈ ಸಲ.”

ಇಬ್ಬರೂ ಬಗ್ಗಿ ನಮಸ್ಕರಿಸಿದರು. ಆಕೆ ಕಿಟಕಿ ಮುಚ್ಚಿದರು. ಇವರು ಇನ್ನೂ ಸ್ವಲ್ಪ ಹೊತ್ತು ನಿಂತು, ಏನೂ ತಿಳಿಯದೆ ಮನೆಗೆ ಬಂದರು.

ಮಾರನೆಯ ದಿನ ಇವರು ಹಿತ್ತಿಲಿನ ಹಿಮ ಸರಿಸಿ, ಗಡಸು ನೆಲವನ್ನು ಗುದ್ದಲಿಯಲ್ಲಿ ಅಗೆದು, ತಾಮ್ರದ ತಗಡನ್ನು ಇದ್ದಿಲು ಉಪ್ಪು ಸುರಿದು ಹೂತರು. ಬೆನ್ನು ಹಿಡಿದುಕೊಂಡು ಒಳಗೆ ಬಂದು, ಸೆಟ್ಟು ಹಾಕಿದರು. ಸದ್ದಿಲ್ಲ. ಕಾದರು. ಇಲ್ಲ. ನನ್ನನ್ನು ಕರೆದು ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಹೊರಗೆ ಹಿಮ ಬೀಳುವಾಗಿನ ನಿಶ್ಶಬ್ದ ಅದರೊಳಗೂ ಇತ್ತು.

“ತಾಮ್ರದ ತಗಡು,” ಎಂದು ಇವರು ತೊಡೆ ತಟ್ಟಿಕೊಂಡರು. “ಎಲ್ಲಾ ಅರ್ತಿಂಗ್‌ನಲ್ಲಿರೋದು.”

ಊರಿನ ಕೇಳುಗರಿಗೆಲ್ಲ ತಾಮ್ರದ ಪಾಠ ಹೇಳಿದ್ದೇ ಹೇಳಿದ್ದು. ಒಬ್ಬಿಬ್ಬರು ತಾವೂ ನೆಲ ಅಗೆದರು. ಪಾಪ, ಅವರಿಗೆ ಬೆನ್ನುನೋವು ಮಾತ್ರ ಬಂತು.

ಆ ಮೌನದಲ್ಲಿಯೇ ಇವರಿಗೆ ಬ್ರೆಜಿಲ್ ಸಿಕ್ಕಿತು. ನಮ್ಮ ಸಂಜೆ ಅಲ್ಲಿ ಬೆಳಗು. ಒಂದು ದಿನ ಇವರು ಮಾತಿಲ್ಲದೆ ನನ್ನ ತೋಳು ಜಗ್ಗಿ ಹೆಡ್‌ಫೋನಿನ ಒಂದು ಕಿವಿ ನನಗೆ ಕೊಟ್ಟರು. ನೂಲಿನೆಳೆಯಷ್ಟು ಸಣ್ಣ ದನಿ. ಮುದುಕರೊಬ್ಬರು ಸೆಂದಾಯಿ ಊರಿನ ಯಾರಿಗೋ ತಮ್ಮ ಕಾಫಿ ಗಿಡಗಳ ಸುದ್ದಿ ಹೇಳುತ್ತಿದ್ದಾರೆ. ಹೆಸರು ಶಿರೊಟಾ. ಎಳೆಯ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಹೋದವರಂತೆ. ನಾನು ನಿಂತಲ್ಲೇ ಕಲ್ಲಾದೆ. ಆತನ ಮಾತು ನಮ್ಮ ಯೊನೆಜಾವಾದ್ದು. ಈಗಿನದಲ್ಲ, ನನ್ನ ಅಮ್ಮ ಆಡುತ್ತಿದ್ದ ಮಾತು. ಇಲ್ಲಿ ಯಾರ ಬಾಯಲ್ಲೂ ಉಳಿಯದ ಪದಗಳು ಭೂಮಿಯ ಆ ಮಗ್ಗುಲಲ್ಲಿ ಇನ್ನೂ ಬದುಕಿದ್ದವು. ಅಮ್ಮ ನನ್ನನ್ನು ಬೈಯುತ್ತಿದ್ದ ಒಂದು ಪದವನ್ನು ಆತ ತನ್ನ ಕತ್ತೆಗೆ ಬೈಯಲು ಬಳಸಿದರು. ನನಗೆ ಅಳು ನಗು ಒಟ್ಟಿಗೆ ಬಂತು.

ಅಂದಿನಿಂದ ನಾನು ಕಿಚಾಯಿಸುವುದು ಬಿಟ್ಟೆ. ಇವರು ಶಿರೊಟಾಗೆ ಕಾರ್ಡು ಬರೆದರು. ಅಡ್ಡ ಸದ್ದು ಎಂಬ ಜಾಗದಲ್ಲಿ ‘ಇಲ್ಲವೇ ಇಲ್ಲ’ ಎಂದು ಬರೆದು ಅಡಿಗೆರೆ ಎಳೆದದ್ದನ್ನು ನಾನೇ ನೋಡಿದೆ.

ಬೆಕ್ಕು ನಮ್ಮ ಮನೆಗೆ ಬರತೊಡಗಿದ್ದು ಆ ದಿನಗಳಲ್ಲೇ. ಗೊಮಾ ಉಮೆನೊ-ಸಾನ್ ಬಿಟ್ಟು ಯಾರ ಹತ್ತಿರವೂ ಸುಳಿಯುವ ಪ್ರಾಣಿಯಲ್ಲ. ಈಗ ಸಂಜೆಯಾದರೆ ಬಾಗಿಲು ಕೆರೆದು ಒಳಗೆ ಬಂದು ನಮ್ಮ ಕೊತಾತ್ಸುವಿನ ಹೊದಿಕೆಯಡಿ ನುಗ್ಗಿ ಮಲಗುವುದು. ಎತ್ತಿ ಹೊರಗೆ ಬಿಟ್ಟರೆ ಮತ್ತೆ ಹಾಜರು.

“ನಿನ್ನ ಯಜಮಾನಿ ಊಟ ಹಾಕಲ್ವೇನೇ?” ಎಂದು ನಾನು ಅದನ್ನೇ ಕೇಳಿದೆ.

ಬೀದಿಯವರೆಲ್ಲ ಹೋಗುವ ಸ್ನಾನದ ಮನೆಯಲ್ಲಿಯೂ ಉಮೆನೊ-ಸಾನ್ ಬೇರೆಯಾಗಿ ಕಂಡರು. ಎಲ್ಲರಿಗಿಂತ ಮೊದಲು ಬಂದು, ಬಿಸಿನೀರಿನಲ್ಲಿ ಕುತ್ತಿಗೆವರೆಗೂ ಮುಳುಗಿ, ಬಾಗಿಲು ಹಾಕುವವರೆಗೂ ಏಳುತ್ತಿರಲಿಲ್ಲ. ಸ್ನಾನದ ಮನೆಯಾಕೆ, “ಅಜ್ಜಿ, ಇನ್ನು ಸ್ವಲ್ಪ ಬೇಯಿಸಿದ್ರೆ ಸಾರಿಗೆ ಆಗ್ತೀರಿ,” ಎಂದು ರೇಗಿಸುವಳು. ಆಕೆಯೂ ನಗುವರು. ಆಮೇಲೆ ಸ್ನಾನದ ಮನೆಗೂ ಬರುವುದನ್ನು ನಿಲ್ಲಿಸಿದರು. ನೆಗಡಿಯಿರಬೇಕೆಂದು ನಾನು ಸೋಯಾಕಾಳಿನ ಬಿಸಿ ಸಾರು ಮಾಡಿ, ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕಂಕುಳಲ್ಲಿ ಒದ್ದಾಡುವ ಬೆಕ್ಕು ಹಿಡಿದು ಸಂಜೆ ಆಕೆಯ ಬಾಗಿಲು ತಟ್ಟಿದೆ.

ಬಾಗಿಲು ತೆರೆಯಲು ತಡವಾಯಿತು. ಉಮೆನೊ-ಸಾನ್ ತೀರಿಹೋದ ಗಂಡನ ಓವರ್‌ಕೋಟು ತೊಟ್ಟಿದ್ದರು. ತಲೆಗೆ ಉಣ್ಣೆಯ ಶಾಲು. ಆಕೆ ಉಸಿರು ಬಿಟ್ಟರೆ ಮನೆಯೊಳಗೇ ಹೊಗೆ ಕಾಣುತ್ತಿತ್ತು.

“ಹತ್ಸುಯೊ-ಸಾನ್, ಯಾಕೆ ಶ್ರಮ. ಇಲ್ಲೇ ಕೊಟ್ಟು ಹೋಗಿ, ನಿಮಗೆ ಚಳಿ.”

“ಚಳಿ ಅಂತಲೇ ಒಳಗೆ ಕೂರ್ತೀನಿ,” ಎಂದು ನಾನು ನುಗ್ಗಿದೆ. ಕೊತಾತ್ಸುವಿನ ಹೊದಿಕೆ ಎತ್ತಿ ಎರಡೂ ಕಾಲು ಒಳಗೆ ಚಾಚಿದೆ.

ಬಾವಿಯ ನೀರಿಗೆ ಕಾಲಿಟ್ಟಂತಾಯಿತು. ಬಿಸಿ ಇರುತ್ತದೆ ಎಂದು ನಂಬಿ ಹೋದ ಕಾಲುಗಳು ಅವು. ತಟ್ಟನೆ ಎಳೆದುಕೊಂಡೆ. ಗೊಮಾ ನನ್ನ ಕಂಕುಳಿಂದ ಜಿಗಿದು ಬಾಗಿಲ ಕಡೆ ಓಡಿತು.

“ಕೆಟ್ಟಿದೆಯಾ ಇದು? ನಮಗೆ ಹೇಳೋದಲ್ವಾ?”

“ಕೆಟ್ಟಿಲ್ಲ. ಚೆನ್ನಾಗೇ ಇದೆ.” ಆಕೆ ಬೆರಳನ್ನು ತುಟಿಯ ಮೇಲಿಟ್ಟು ಗೋಡೆಯ ಕಡೆ ನೋಡಿದರು. ಆಚೆಗೆ ಇವರ ಕುರ್ಚಿ ಕಿರ್ರೆಂದಿತು. ಆಕೆ ಪಿಸುಗುಟ್ಟಿದರು. “ಮೆಲ್ಲಗೆ. ಇದು ತೊಕುಜಿ-ಸಾನ್ ಕೇಳೋ ಹೊತ್ತು.”

“ಕೇಳಿದ್ರೆ ಕೇಳ್ಲಿ. ಅದಕ್ಕೂ ಇದಕ್ಕೂ ಏನು?”

“ಅವತ್ತು ಅವರು ಕಿಟಕಿ ಹತ್ರ ರೇಡಿಯೊ ಹಿಡ್ಕೊಂಡು ನಿಂತಿದ್ರಲ್ಲ. ನನ್ನ ಕೊತಾತ್ಸು ಹತ್ತಿದಾಗೆಲ್ಲ ಅದು ಕಿರುಚ್ತಿತ್ತು. ಆರಿಸಿ ನೋಡ್ದೆ, ಸುಮ್ಮನಾಯ್ತು. ಮತ್ತೆ ಹಾಕ್ದೆ, ಮತ್ತೆ ಕಿರುಚ್ತು. ಅಷ್ಟು ಹೊತ್ತು ಹಿಮದಲ್ಲಿ ನಿಂತಿದ್ರು, ಆದ್ರೂ ಒಂದು ಮಾತು ಅನ್ಲಿಲ್ಲ. ಎಂಥಾ ಒಳ್ಳೆ ಮನುಷ್ಯ. ಅದು ಅರ್ಥ ಆಗದೇ ಇರೋಷ್ಟು ದಡ್ಡಿಯಲ್ಲ ನಾನು. ಅವತ್ತಿನಿಂದ ಹಾಕಿಲ್ಲ.”

ನಾನು ಆಕೆಯ ಮುಖವನ್ನೇ ನೋಡಿದೆ. ಮೊದಲ ಹಿಮದಿಂದ ಈವರೆಗೆ. ಮರಕ್ಕೆ ಕಟ್ಟಿದ ತಂತಿ ಹೆಪ್ಪುಗಟ್ಟಿದ ರಾತ್ರಿಗಳು, ನಾವು ಕೊತಾತ್ಸುವಿನಡಿ ಕಿತ್ತಳೆ ಸುಲಿದು ತಿಂದ ಸಂಜೆಗಳು, ಅಷ್ಟೂ ದಿನ. ಗೋಡೆಯ ಈಚೆ ಈಕೆ ಗಂಡನ ಕೋಟು ಹೊದ್ದು, ಉಸಿರು ಬಿಗಿಹಿಡಿದು ಕೂತಿದ್ದರು. ಇವರಿಗೆ ಬ್ರೆಜಿಲ್ ಕೇಳಿಸಲೆಂದು.

“ಬರೀ ಆ ಹೊತ್ತು ಆರಿಸಿದ್ರೆ ಸಾಲ್ತಿರ್ಲಿಲ್ವಾ? ಹಗಲಲ್ಲಾದ್ರೂ ಹಾಕೋಬಾರದಾ?”

“ಅವರು ಹಗಲಲ್ಲೂ ಒಂದೊಂದ್ಸಲ ಕೂರ್ತಾರಲ್ಲ. ಯಾವಾಗ ಅಂತ ಹೇಗೆ ಗೊತ್ತಾಗತ್ತೆ? ಬಿಡಿ, ನಂಗೆ ಅಭ್ಯಾಸ ಆಗಿದೆ.”

“ಕಾಲು ತೋರಿಸಿ.”

“ಏನಿಲ್ಲ ಅದು.”

ನಾನು ಕೇಳದೆ ಕಾಲುಚೀಲ ಎಳೆದೆ. ಎಡಗಾಲಿನ ಎರಡು ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದೆ, ಆಕೆಗೆ ಗೊತ್ತೇ ಆಗಲಿಲ್ಲ.

ನಾನು ಸಾರಿನ ಸೌಟಿನಿಂದ ಗೋಡೆಗೆ ಬಡಿದೆ. ಬ್ರೆಜಿಲ್ ಕೇಳುವ ಕಿವಿಗೆ ಹೆಂಡತಿ ಬಡಿದದ್ದು ಕೇಳೀತೇ? ಬರಿಗಾಲಲ್ಲಿ ಹಿಮ ತುಳಿದು ನಮ್ಮ ಮನೆಗೆ ಓಡಿದೆ. ಹೆಡ್‌ಫೋನನ್ನು ಕಿತ್ತೆಳೆದ ರಭಸಕ್ಕೆ ಅದರ ತಂತಿ ಸೆಟ್ಟಿನಿಂದಲೇ ಕಳಚಿಬಂತು. ಶಿರೊಟಾ ಅವರ ದನಿ ಸ್ಪೀಕರಿನಿಂದ ಕೋಣೆ ತುಂಬ ಹೊರಬಿತ್ತು.

“ಏನೇ ಇದು? ಈಗ ತಾನೇ ಸಿಕ್ಕಿದ್ರು.”

“ಎದ್ದು ಬನ್ನಿ,” ಎಂದೆ. ನನ್ನ ದನಿ ಹೇಗಿತ್ತೋ, ಇವರು ತಿರುಗಿ ಮಾತಾಡದೆ ಎದ್ದು ಬಂದರು.

ಉಮೆನೊ-ಸಾನ್ ಅವರ ಕೋಣೆಯಲ್ಲಿ ಇವರು ಮಂಡಿಯೂರಿ ಕೂತು ಹೊದಿಕೆಯಡಿ ಕೈಯಿಟ್ಟರು. ಕೈ ಅಲ್ಲಿಯೇ ನಿಂತಿತು. ಆಕೆಯ ಕಾಲು ನೋಡಿದರು. ನಾನು ಎರಡೇ ಮಾತಿನಲ್ಲಿ ಹೇಳಿದೆ. ಇವರು ಬಗ್ಗಿ ಕೊತಾತ್ಸುವಿನ ಸ್ವಿಚ್ಚು ಒತ್ತಿದರು. ಕೆಂಪು ಬೆಳಕು ಹತ್ತಿತು, ಆ ಕ್ಷಣವೇ ಗೋಡೆಯಾಚೆ ನಮ್ಮ ಸೆಟ್ಟು ಜರ್ರ್ ಎಂದು ಅರಚಿತು. ಶಿರೊಟಾ ಅವರ ದನಿ ಅದರಡಿ ಮುಚ್ಚಿಹೋಯಿತು.

ತಾಮ್ರದ ತಗಡು ಏನನ್ನೂ ಮಾಡಿರಲಿಲ್ಲ. ಇವರು ಆಕೆಯ ಕಡೆ ತಿರುಗಿ ಬಾಯಿ ತೆರೆದರು. ದನಿ ಬರಲಿಲ್ಲ. ಬರೀ ತುಟಿ ಆಡಿತು, ಗಿರಣಿಯಲ್ಲಿ ಆಡುತ್ತಿದ್ದ ಹಾಗೆ. ಉಮೆನೊ-ಸಾನ್ ಅದೇ ಗಿರಣಿಯಲ್ಲಿ ನೇಯ್ದವರು, ತುಟಿ ಓದಿಕೊಂಡರು. ಆಕೆಯೂ ತುಟಿಯಲ್ಲೇ ಏನೋ ಉತ್ತರ ಕೊಟ್ಟರು. ಅವರೇನು ಹೇಳಿಕೊಂಡರೋ ನನಗೆ ತಿಳಿಯದು, ಕೇಳಲೂ ಇಲ್ಲ. ಇವರು ಆಕೆಯನ್ನು ಬೆನ್ನ ಮೇಲೆ ಹೊತ್ತು ಹಿಮದಲ್ಲಿ ಡಾಕ್ಟರ ಮನೆಗೆ ನಡೆದರು.

ಎರಡು ಬೆರಳು ಹೋದವು. ಎದೆಗೂ ಕಫ ಕಟ್ಟಿತ್ತು. ಇನ್ನೊಂದು ವಾರ ತಡವಾಗಿದ್ದರೆ ಬೆರಳಿನ ಮಾತಾಡುವ ಪ್ರಸಂಗವೇ ಇರುತ್ತಿರಲಿಲ್ಲ ಎಂದು ಡಾಕ್ಟರು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. ಆ ನೋಟ ನೆನೆದರೆ ನನಗೆ ಈಗಲೂ ನೆಲ ಬಿರಿಯಬಾರದೇ ಅನ್ನಿಸುತ್ತದೆ.

ಇವರು ಸೆಟ್ಟಿಗೆ ಬಟ್ಟೆ ಹೊದಿಸಿಬಿಟ್ಟರು. ಅಂಗಡಿಗೆ ವಾಪಸು ಕೊಡುವ ಮಾತಾಯಿತು. ಅಷ್ಟರಲ್ಲಿ ಬ್ರೆಜಿಲಿನ ಕಾರ್ಡು ಬಂತು. ಕಾಫಿ ಗಿಡದ ಚಿತ್ರ, ಹಿಂದೆ ನಡುಗುವ ಕೈಬರಹ: ಇಷ್ಟು ದೂರ ಇಷ್ಟು ಸ್ಪಷ್ಟವಾಗಿ ಕೇಳಿದ ಕಿವಿಗೆ ನಮಸ್ಕಾರ, ನಮ್ಮೂರಲ್ಲಿ ಅಷ್ಟು ಮೌನ ಇನ್ನೂ ಇದೆಯೆಂದು ತಿಳಿದು ಸಂತೋಷ. ಇವರು ಅದನ್ನು ಒಮ್ಮೆ ಓದಿ, ಬೋರಲಾಗಿ ಮೇಜಿನ ಮೇಲಿಟ್ಟು, ಮುಖ ತಿರುಗಿಸಿಕೊಂಡರು. ಅಷ್ಟೂ ದಿನ ಕಾದ ಕಾರ್ಡು ಅದು.

ಆಸ್ಪತ್ರೆಯಿಂದ ಬಂದ ಉಮೆನೊ-ಸಾನ್ ಊರುಗೋಲಿನಲ್ಲಿ ಕುಂಟುತ್ತ ನಮ್ಮ ಬಾಗಿಲಿಗೆ ಬಂದರು, ಕೈಯಲ್ಲಿ ಸಿಹಿಯ ಡಬ್ಬಿ. ಬೆರಳು ಕಳೆದುಕೊಂಡವರು ಆಕೆ, ಕ್ಷಮೆ ಕೇಳಲು ಬಂದವರೂ ಆಕೆ.

“ನನ್ನಿಂದ ತೊಕುಜಿ-ಸಾನ್ ರೇಡಿಯೊ ನಿಲ್ಲಿಸಿದ್ರು ಅಂತ ಕೇಳ್ದೆ. ಹಂಗಾದ್ರೆ ನಾನು ಈ ಸಾಲಲ್ಲಿ ಯಾವ ಮುಖ ಇಟ್ಕೊಂಡು ಇರ್ಲಿ? ಬೇರೆ ಕಡೆ ಮನೆ ನೋಡ್ಕೋತೀನಿ.”

“ನಿಮ್ಮ ಬೆರಳು ತಿಂದ ರೇಡಿಯೊ ಅದು,” ಎಂದೆ ನಾನು. ನನಗೆ ಸಿಟ್ಟೇ ಬಂದಿತ್ತು. “ನೀವಿಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಮಾಡಿ ಮಾಡಿಯೇ ಸಾಯ್ತೀರಿ. ಬಾಯಿ ಯಾಕಿದೆ ನಿಮಗೆ?”

ಇಬ್ಬರೂ ತಪ್ಪು ಮಾಡಿದ ಮಕ್ಕಳಂತೆ ತಲೆ ತಗ್ಗಿಸಿದರು.

ಸುದ್ದಿ ಕೇಳಿ ಕುರೊಸಾಕಾ ಓಡಿ ಬಂದರು. ಜೇಬಿನಿಂದ ಏನೋ ತೆಗೆದು ನನ್ನ ಅಂಗೈ ಮೇಲಿಟ್ಟರು. ಒಂದು ಅವರೆಕಾಳಿನಷ್ಟು ವಿದ್ಯುತ್ ಬಿಡಿಭಾಗ, ಅದಕ್ಕೆ ಎರಡು ತಂತಿಯ ಮೀಸೆ.

“ಅಜ್ಜಿ ಹಳೇ ಕೊತಾತ್ಸುವಿನ ಸ್ವಿಚ್ಚಿಗೆ ಇದನ್ನ ಸೇರಿಸಿದ್ರೆ ಆಯ್ತು. ಕಿಡಿ ಸದ್ದು ಇನ್ನು ಹೊರಗೆ ಬರಲ್ಲ. ಅರ್ಧ ಬಟ್ಟಲು ಚಹಾ ಕುಡಿಯೋಷ್ಟರಲ್ಲಿ ಮುಗೀತದೆ.”

ನಾನು ಅಂಗೈ ನೋಡಿದೆ. ಇಷ್ಟೇ. ಯಾರಾದರೂ ಒಬ್ಬರು ಒಂದು ಮಾತು ಬಾಯಿಬಿಟ್ಟು ಕೇಳಿದ್ದರೆ ಇಷ್ಟರಲ್ಲೇ ಮುಗಿಯುತ್ತಿತ್ತು. ನನಗೆ ಆ ಕಾಳನ್ನು ಕಿಟಕಿಯಾಚೆ ಎಸೆದು ಕಿರುಚಬೇಕೆನ್ನಿಸಿತು. ಎಸೆಯದೆ ಕುರೊಸಾಕಾಗೆ ವಾಪಸು ಕೊಟ್ಟೆ.

ಆಗ ಇವರು ನನ್ನನ್ನು ಕೊನೆಯ ಸಲ ಬೆಚ್ಚಿಸಿದರು.

“ಬೇಡ ಕುರೊಸಾಕಾ-ಸಾನ್. ಅದನ್ನ ಹಾಕ್ಬೇಡಿ.”

“ಯಾಕೆ? ಸದ್ದು ನಿಲ್ಲತ್ತೆ.”

“ಅದಕ್ಕೇ ಬೇಡ. ಸದ್ದು ನಿಂತ್ರೆ, ಈಕೆ ಕೊತಾತ್ಸು ಹಾಕಿದಾರೋ ಇಲ್ವೋ ನಂಗೆ ಹೇಗೆ ಗೊತ್ತಾಗತ್ತೆ? ಈಕೆನ ನಂಬೋಕಾಗತ್ತಾ?”

ಉಮೆನೊ-ಸಾನ್ ತೋಳಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ಗಂಡ ಸತ್ತಾಗಲೂ ಗೋಡೆ ದಾಟದ ದನಿ ಅಂದು ನಮ್ಮ ಮನೆಯಲ್ಲಿ ಕೇಳಿಸಿತು.

ಈಗಲೂ ಚಳಿಗಾಲದ ಸಂಜೆ ಇವರು ಸೆಟ್ಟು ಹಾಕಿ ಮೊದಲು ಸುಮ್ಮನೆ ಕೂರುತ್ತಾರೆ. ಮೌನವಾಗಿದ್ದರೆ ಹೆಡ್‌ಫೋನು ತೆಗೆದು ಗೋಡೆಗೆ ಬೆರಳಿನಿಂದ ತಟ್ಟುತ್ತಾರೆ. ಆಚೆಯಿಂದ “ಹಾಕ್ದೆ, ಹಾಕ್ದೆ” ಎಂಬ ಗೊಣಗು ಬರುತ್ತದೆ. ಜರ್ರ್ ಎಂದಮೇಲೆ ಇವರು ಗುಂಡಿಗೆ ಕೈ ಹಾಕುವುದು. ಬ್ರೆಜಿಲ್ ಅರ್ಧಂಬರ್ಧ ಕೇಳುತ್ತದೆ, ಅಮ್ಮನ ಪದಗಳು ನಡುನಡುವೆ ಹರಿದು ಬರುತ್ತವೆ. ಶಿರೊಟಾ ಅವರಿಗೆ ಈಗಲೂ ಕಾರ್ಡು ಹೋಗುತ್ತದೆ. ಅಡ್ಡ ಸದ್ದು ಎಂಬ ಜಾಗದಲ್ಲಿ ಇವರು ಬರೆಯುವುದು ಇಷ್ಟು: ‘ಇದೆ. ಪಕ್ಕದ ಮನೆ ಬೆಚ್ಚಗಿದೆ.’